ಪೆಡ್ಡರ್ ರೋಡಿನ ಏರು, ಕಿತ್ತಳೆಯ ತೊಳೆ

2023ರ ಜನವರಿ 15, ಭಾನುವಾರ. ಬೆಳಗಿನ ಜಾವ ನಾಲ್ಕೂವರೆಯ ಸುಮಾರು. ಓಟಗಾರರಿಗೆಂದೇ ಬಿಟ್ಟ ವಿಶೇಷ ಲೋಕಲ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಬಂದು ನಿಂತಿದೆ. ಇಳಿಯುವವರ ಹೆಗಲಲ್ಲಿ ಆಫೀಸಿನ ಚೀಲವಿಲ್ಲ, ಕೈಯಲ್ಲಿ ಡಬ್ಬಿಯಿಲ್ಲ. ಎದೆಯ ಮೇಲೆ ನಾಲ್ಕು ಪಿನ್ನು ಹಾಕಿ ಸಿಕ್ಕಿಸಿದ ಬಿಬ್, ಅದರಲ್ಲಿ ದಪ್ಪಗೆ ನಂಬರು, ಜೊತೆಗೊಂದು ಹೆಸರು. ಡೊಂಬಿವಲಿಯವರು, ಠಾಣೆಯವರು, ಘಾಟ್ಕೋಪರಿನವರು. ಪ್ಲಾಟ್‌ಫಾರ್ಮಿನ ಕಂಬ ಹಿಡಿದು ಅಜ್ಜರೊಬ್ಬರು ಮೀನಖಂಡ ಸಡಿಲಿಸಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಇಬ್ಬರು ಹುಡುಗಿಯರು ಒಂದು ಬಾಳೆಹಣ್ಣನ್ನು ಮುರಿದು ಹಂಚಿಕೊಂಡು ತಿನ್ನುತ್ತಿದ್ದಾರೆ. ಚಳಿಯಿದೆ. ಮುಂಬೈಗೆ ಅಪರೂಪದ, ತೋಳಿನ ರೋಮ ನಿಮಿರಿಸುವ ಚಳಿ. ಓಡುವವರಿಗೆ ಇದಕ್ಕಿಂತ ದೊಡ್ಡ ವರ ಇನ್ನೊಂದಿಲ್ಲ.

ಹೊರಗೆ ಬಂದರೆ ಸ್ಟೇಷನ್ನಿನ ಗೋಪುರಕ್ಕೂ ಎದುರಿನ ಮಹಾನಗರ ಪಾಲಿಕೆಯ ಕಟ್ಟಡಕ್ಕೂ ದೀಪದ ಅಲಂಕಾರ. ನಡುವೆ ತಲೆಗಳ ಹೊಳೆ. ಎಲ್ಲ ವಿಭಾಗಗಳೂ ಸೇರಿ ಈ ವರ್ಷ 55,000ಕ್ಕೂ ಹೆಚ್ಚು ಜನ. ಅರ್ಧ ಮ್ಯಾರಥಾನಿನವರು ಅಲ್ಲಿ ಮಾಹಿಮಿನಲ್ಲಿ ಸೇರುತ್ತಾರೆ; ಇಲ್ಲಿರುವವರು 42.195 ಕಿಲೋಮೀಟರಿನ ಪೂರ್ಣ ಓಟದವರು. ಜನವರಿಯ ಮೂರನೇ ಭಾನುವಾರ ಎಂದರೆ ಮುಂಬೈಗೆ ಮ್ಯಾರಥಾನ್ ಎನ್ನುವುದು 2005ರಿಂದ ಬಂದ ರೂಢಿ. ಆದರೆ 2021ರಲ್ಲಿ ಓಟ ನಡೆಯಲಿಲ್ಲ, 2022ರಲ್ಲೂ ನಡೆಯಲಿಲ್ಲ. 2020ರ ಜನವರಿಯಲ್ಲಿ ಓಡಿ ಮನೆಗೆ ಹೋದವರು ಮಾರ್ಚಿನಲ್ಲಿ ಕೋವಿಡ್‌ಗೆ ಹೆದರಿ ಬಾಗಿಲು ಹಾಕಿಕೊಂಡವರು. ಇಂದು ಮತ್ತೆ ಹೀಗೆ, ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ ತಾಗುವಷ್ಟು ಹತ್ತಿರ ನಿಂತಿದ್ದೇವೆ. ನನ್ನ ಮುಂದಿನವರ ಅಂಗಿಯ ಬೆನ್ನ ಮೇಲೆ ಒಬ್ಬ ಹೆಂಗಸಿನ ಫೋಟೊ, ಕೆಳಗೆ ಎರಡು ಇಸವಿ. ಎರಡನೆಯದು 2021. ನಾನು ಏನೂ ಕೇಳಲಿಲ್ಲ.

ಈ ಜಾಗಕ್ಕೆ ಇನ್ನೊಂದು ನೆನಪೂ ಇದೆ. 2008ರ ನವೆಂಬರ್ 26ರ ರಾತ್ರಿ ಇದೇ ಸ್ಟೇಷನ್ನಿನೊಳಗೆ ಮನೆಗೆ ಹೊರಟಿದ್ದ ಜನರ ಮೇಲೆ ಗುಂಡಿನ ಮಳೆಯಾಯಿತು. ಎರಡು ತಿಂಗಳೂ ತುಂಬಿರಲಿಲ್ಲ, 2009ರ ಜನವರಿಯಲ್ಲಿ ಓಟ ಇಲ್ಲಿಂದಲೇ ಹೊರಟಿತು. ಅಂದು ಈ ನಗರಕ್ಕೆ ಬೇಕಾಗಿದ್ದದ್ದು ಭಾಷಣವಲ್ಲ, ಇದೇ ರಸ್ತೆಯ ಮೇಲೆ ಮತ್ತೆ ಕಾಲಿಡುವುದು. ಹಾಗೆಂದೇ ಮುಂಬೈಯ ಓಟವನ್ನು ಬರೀ ಕ್ರೀಡೆಯ ಲೆಕ್ಕಕ್ಕೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಐದೂಕಾಲರ ಹೊತ್ತಿಗೆ ಎದುರಿನ ಗುಂಪು ಅಲುಗುತ್ತದೆ. ‘ಗಣಪತಿ ಬಪ್ಪಾ’ ಎಂದು ಯಾರೋ ಕೂಗುತ್ತಾರೆ, ‘ಮೋರಯಾ’ ಎಂದು ಸಾವಿರಾರು ಗಂಟಲು ಉತ್ತರಿಸುತ್ತವೆ. ಗೆರೆ ದಾಟುವಾಗ ನೆಲದ ಮ್ಯಾಟು ಸಮಯ ಅಳೆಯುವ ಪ್ರತಿ ಚಿಪ್‌ಗೂ ಕೀಂಗುಟ್ಟುತ್ತದೆ. ಆಮೇಲೆ ಮಾತು ನಿಂತು ಬೂಟುಗಳ ಸದ್ದಷ್ಟೇ.

ಡಿ.ಎನ್. ರಸ್ತೆಯ ಕಮಾನುಗಳ ಪಕ್ಕದಲ್ಲಿ ಓಡುತ್ತೇವೆ. ಫೋರ್ಟಿನ ಈ ಗಲ್ಲಿಗಳು ಕನ್ನಡಿಗರಿಗೆ ಹೊಸವಲ್ಲ. ದಕ್ಷಿಣ ಕನ್ನಡದಿಂದ, ಉಡುಪಿಯಿಂದ ಬಂದ ಹುಡುಗರು ಹಗಲು ಇಲ್ಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮುಗಿಸಿದ್ದು ಈ ಆವರಣದಲ್ಲೇ. ಈಗ ಬಾಗಿಲೆಳೆದ ಹೋಟೆಲೊಂದರ ಮೆಟ್ಟಿಲಲ್ಲಿ ಮೂವರು ಹುಡುಗರು ಕಂಬಳಿ ಹೊದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಇನ್ನೊಂದು ಗಂಟೆಗೆ ಅವರ ಕೆಲಸ ಶುರುವಾಗಬೇಕು. ನಿದ್ದೆ ಬಿಟ್ಟು ಎದ್ದು ಬಂದಿದ್ದಾರೆ.

ಮರೀನ್ ಡ್ರೈವ್ ಕತ್ತಲಲ್ಲೇ ಕಳೆಯುತ್ತದೆ. ಎಡಕ್ಕೆ ಸಮುದ್ರ ಕಾಣುವುದಿಲ್ಲ, ವಾಸನೆ ಮಾತ್ರ. ಚೌಪಾಟಿ ದಾಟಿ ಬಾಬುಲನಾಥ, ಕೆಂಪ್ಸ್ ಕಾರ್ನರ್ ಮೇಲುಸೇತುವೆ, ಪೆಡ್ಡರ್ ರೋಡು. ಬಾಲ್ಕನಿಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿದೆ. ಈ ರಸ್ತೆಯನ್ನು ಹಿಂದಿರುಗುವಾಗ ಇನ್ನೊಮ್ಮೆ ಹತ್ತಬೇಕು. ಐದು ಗಂಟೆಯಲ್ಲಿ ಮುಗಿಸುವವರಿಗೆ ವೇಗ ತೋರಿಸುತ್ತ ಓಡುವ ಪೇಸರನ ಕೈಯಲ್ಲಿ ‘5:00’ ಎಂದು ಬರೆದ ಬಾವುಟ. ‘ಈಗಲೇ ಬಲ ಖರ್ಚು ಮಾಡಬೇಡಿ, ಪೆಡ್ಡರ್ ಬಾಕಿ ಇದೆ’ ಎಂದು ಆತ ಹಿಂದಿಯಲ್ಲಿ ಹೇಳುತ್ತಲೇ ಇದ್ದಾನೆ.

ವರ್ಲಿಯಿಂದ ಬಾಂದ್ರಾ-ವರ್ಲಿ ಸೀ ಲಿಂಕ್ ಏರುವಾಗ ಬೆಳಕು ಹರಿಯತೊಡಗಿತು. 2009ರಲ್ಲಿ ತೆರೆದ ಈ ಸೇತುವೆಯ ಉದ್ದ 5.6 ಕಿಲೋಮೀಟರು. ವರ್ಷವಿಡೀ ಕಾರು, ಬಸ್ಸುಗಳದೇ ರಾಜ್ಯ. ಬೈಕಿಗೆ ಪ್ರವೇಶವಿಲ್ಲ, ರಿಕ್ಷಾಕ್ಕಿಲ್ಲ, ನಡೆಯುವವರಿಗಂತೂ ಇಲ್ಲವೇ ಇಲ್ಲ. ಟೋಲ್ ಕಟ್ಟುವ ಕಾರಿಲ್ಲದ ಮುಂಬೈಕರನಿಗೆ ಇದು ದೂರದಿಂದ ನೋಡುವ ವಸ್ತು. ಇಂದು ಅದರ ಮೇಲೆ ನಮ್ಮ ಕಾಲುಗಳಿವೆ. ಸಾವಿರಾರು ಹೆಜ್ಜೆಗಳಿಗೆ ಕಾಂಕ್ರೀಟಿನಲ್ಲೊಂದು ಸಣ್ಣ ಕಂಪನ ಹುಟ್ಟುತ್ತದೆ, ಅದು ಮೊಣಕಾಲಿಗೆ ತಿಳಿಯುತ್ತದೆ. ಬಲಕ್ಕೆ, ದಾದರ್-ಮಾಹಿಮಿನ ಕಟ್ಟಡಗಳ ಹಿಂದೆ, ಕೆಂಪು ಸೂರ್ಯ. ಎಡಕ್ಕೆ ಅರಬ್ಬೀ ಸಮುದ್ರ ಬೂದಿ ಬಣ್ಣದಿಂದ ನೀಲಿಗೆ ತಿರುಗುತ್ತಿದೆ. ತಲೆಯ ಮೇಲೆ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡ ಉಕ್ಕಿನ ಹಗ್ಗಗಳು. ಟೈಮಿನ ಚಿಂತೆಯುಳ್ಳವರೂ ಇಲ್ಲಿ ಒಂದು ಗಳಿಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ತೆಗೆಯುವವನು ಪಕ್ಕದಲ್ಲಿ ಓಡುತ್ತಿದ್ದ ಅಪರಿಚಿತ.

ಸೇತುವೆಯ ಆ ತುದಿಗೆ ಬಾಂದ್ರಾ. ಅಲ್ಲಿನ ಬ್ಯಾಂಡ್‌ಸ್ಟ್ಯಾಂಡಿನ ಕಡಲಂಚಿನಲ್ಲಿ ಯಶವಂತ ಚಿತ್ತಾಲರ ಮನೆಯಿತ್ತು. 1979ರಲ್ಲಿ ಬಂದ ಅವರ ಕಾದಂಬರಿ ‘ಶಿಕಾರಿ’ಯ ನಾಗಪ್ಪ ಇದೇ ನಗರದಲ್ಲಿ ಬೇಟೆಗೆ ಸಿಕ್ಕ ಮಿಗದಂತೆ ಒಬ್ಬಂಟಿಯಾಗಿ ನಡುಗಿದವನು. ಕನ್ನಡ ಓದುತ್ತ ಬೆಳೆದ ನನ್ನಂಥವರಿಗೆ ಮುಂಬೈ ಮೊದಲು ಸಿಕ್ಕಿದ್ದು ಹೀಗೆ, ಗೋಡೆಯಾಚೆಯವರ ಹೆಸರು ತಿಳಿಯದ ಊರಾಗಿ. ಆ ಮುಂಬೈ ಸುಳ್ಳಲ್ಲ. ನಾಳೆ ಸೋಮವಾರ ಅದು ತಾನೇ ತಾನಾಗಿ ಮರಳುತ್ತದೆ. ಆದರೆ ವರ್ಷಕ್ಕೊಂದು ಬೆಳಿಗ್ಗೆ ಇದೇ ಊರು ಬೇರೊಂದು ರೀತಿಯಲ್ಲಿ ವರ್ತಿಸುತ್ತದೆ. ಅದನ್ನೂ ಕನ್ನಡದಲ್ಲಿ ಹೇಳಬೇಕೆಂಬ ಆಸೆ ನನಗೆ ಹತ್ತಿದ್ದು ಈ ಸೇತುವೆ ಇಳಿಯುವಾಗಲೇ.

ಅರ್ಧ ದಾರಿ ಮುಗಿದು ಮಾಹಿಮ್ ಕಾಸ್‌ವೇ ದಾಟುವಷ್ಟರಲ್ಲಿ ಬಿಸಿಲು ಬಂತು. ಜೊತೆಗೆ ಜನರೂ ಬಂದರು. ಸೇಂಟ್ ಮೈಕೇಲ್ ಚರ್ಚಿನ ಹತ್ತಿರ ಭಾನುವಾರದ ಪೂಜೆಗೆ ಬಂದವರು ಒಳ್ಳೆಯ ಬಟ್ಟೆಯಲ್ಲೇ ರಸ್ತೆಗಿಳಿದಿದ್ದಾರೆ. ಮುಂದೆ ಮಖ್ದೂಮ್ ಶಾ ದರ್ಗಾದ ಬದಿಯಲ್ಲಿ ಟೋಪಿ ತೊಟ್ಟ ಹುಡುಗರು ಖರ್ಜೂರದ ತಟ್ಟೆ ಹಿಡಿದು ನಿಂತಿದ್ದಾರೆ. ಕೆಡೆಲ್ ರೋಡಿನ ಉದ್ದಕ್ಕೂ ಕಟ್ಟಡಕ್ಕೊಂದು ಮೇಜು: ಚಿಕ್ಕಿ, ಗ್ಲೂಕೋಸ್ ಬಿಸ್ಕತ್ತು, ಉಪ್ಪು ಸವರಿದ ಸೌತೆಕಾಯಿ, ನೋವಿನ ಸ್ಪ್ರೇ. ಇವರು ಸಂಘಟಕರ ಸ್ವಯಂಸೇವಕರಲ್ಲ. ಮನೆಯವರು. ನಿನ್ನೆ ರಾತ್ರಿ ಕೂತು ಬೆಲ್ಲ ಪುಡಿಮಾಡಿದವರು. ಐದಾರು ವರ್ಷದ ಹುಡುಗಿಯೊಬ್ಬಳು ಅಂಗೈ ಚಾಚಿ ನಿಂತಿದ್ದಾಳೆ. ಓಡುವವರೆಲ್ಲ ಅದಕ್ಕೆ ತಟ್ಟಿ ಹೋಗಬೇಕು. ಅಂಗೈ ಕೆಂಪಾಗಿದೆ, ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ.

ಇಲ್ಲಿಂದ ಒಳಕ್ಕೆ ಹೋದರೆ ಮಾಟುಂಗಾ, ಅಲ್ಲಿ ಕರ್ನಾಟಕ ಸಂಘ. ನನ್ನ ಬಿಬ್ಬಿನ ಮೇಲಿನ ಹೆಸರು ಓದಿದ ಹಿರಿಯರೊಬ್ಬರು, ‘ಏ, ನಮ್ಮವರು! ಓಡಿ, ಓಡಿ, ಬಿಡಬೇಡಿ’ ಎಂದು ಕೂಗಿದರು. ಅವರ ಪಕ್ಕದ ಹೆಂಗಸು ತುಳುವಿನಲ್ಲಿ ಏನೋ ಹೇಳಿ ನಕ್ಕರು. ಶಿವಾಜಿ ಪಾರ್ಕ್ ದಾಟುವವರೆಗೂ ಆ ಕೂಗು ಬೆನ್ನಿಗಿತ್ತು.

ಪ್ರಭಾದೇವಿಯಲ್ಲಿ ಸಿದ್ಧಿವಿನಾಯಕನ ದರ್ಶನಕ್ಕೆ ನಿಂತ ಸಾಲು ನಮ್ಮತ್ತ ತಿರುಗಿದೆ. ಓಡುವವರು ಗುಡಿಯತ್ತ ಕೈಮುಗಿಯುತ್ತಾರೆ, ಸಾಲಿನವರು ಓಡುವವರತ್ತ ಕೈಬೀಸುತ್ತಾರೆ. ಅಲ್ಲಿಂದ ಸ್ವಲ್ಪ ಮುಂದೆ ಹಿಂದಿನಿಂದ ಸೈರನ್ ಕೇಳಿಸಿತು. ಪೊಲೀಸ್ ಬೈಕು, ಕ್ಯಾಮೆರಾ ವಾಹನ, ಅದರ ಬೆನ್ನಿಗೆ ನಮಗಿಂತ ಎರಡು ಗಂಟೆ ತಡವಾಗಿ ಹೊರಟ ಪೂರ್ವ ಆಫ್ರಿಕಾದ ಓಟಗಾರರು. ಕಿಲೋಮೀಟರಿಗೆ ಸುಮಾರು ಮೂರು ನಿಮಿಷದ ವೇಗ. ಹತ್ತಿರದಿಂದ ನೋಡಿದರೆ ಅದು ವೇಗ ಅನ್ನಿಸುವುದಿಲ್ಲ. ಸೊಂಟದಿಂದ ಮೇಲೆ ಏನೂ ಅಲುಗುವುದಿಲ್ಲ, ಉಸಿರಿನ ಸದ್ದೂ ಇಲ್ಲ. ನಾವು ನಿಂತೇ ಚಪ್ಪಾಳೆ ತಟ್ಟಿದೆವು. ಲೋಕದ ಅತ್ಯುತ್ತಮರೂ ಬ್ಯಾಂಕಿನ ಗುಮಾಸ್ತರೂ ಒಂದೇ ದಿನ ಒಂದೇ ಡಾಂಬರಿನ ಮೇಲೆ ಓಡುವ ಆಟ ಇನ್ನಾವುದಿದೆ? ಈಡನ್ ಗಾರ್ಡನ್ಸ್‌ನಲ್ಲಿ ಟೆಸ್ಟ್ ನಡೆಯುವಾಗ ನಮ್ಮನ್ನು ಬ್ಯಾಟು ಹಿಡಿಯಲು ಯಾರೂ ಕರೆಯುವುದಿಲ್ಲ.

ಮೂವತ್ತು ಕಿಲೋಮೀಟರು ದಾಟಿದ ಮೇಲೆ ಮೈಯ ಲೆಕ್ಕ ಬದಲಾಗುತ್ತದೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಗ್ಲೈಕೊಜೆನ್ ತಳ ಕಾಣುವ ಹೊತ್ತು. ಓಟಗಾರರು ಇದಕ್ಕೆ ‘ವಾಲ್’ ಎನ್ನುತ್ತಾರೆ. ತೊಡೆ ಮರಗಟ್ಟುತ್ತದೆ, ಸಣ್ಣ ಸಣ್ಣ ಕೂಡಿಸು-ಕಳೆ ಲೆಕ್ಕವೂ ತಲೆಗೆ ಹತ್ತುವುದಿಲ್ಲ. ಹಾಜಿ ಅಲಿಯ ಬಿಳಿ ದರ್ಗಾ, ಅದರ ಪಕ್ಕದಲ್ಲಿ ಕೋಸ್ಟಲ್ ರೋಡಿನ ಕೆಲಸಕ್ಕೆ ನಿಲ್ಲಿಸಿದ ಕ್ರೇನುಗಳು, ಎಲ್ಲ ಬಿಸಿಲಿನಲ್ಲಿ ಬೆಳ್ಳಗೆ ಕಲಸಿಹೋಗಿವೆ. ಮತ್ತು ಈ ಗಳಿಗೆಗೆ ಸರಿಯಾಗಿ, ಮೂವತ್ತೈದರ ಆಸುಪಾಸಿನಲ್ಲಿ, ಪೆಡ್ಡರ್ ರೋಡಿನ ಏರು.

ಕಾರಿನಲ್ಲಿ ಹೋಗುವವರಿಗೆ ಇದು ಏರೆಂದೇ ಗೊತ್ತಾಗಲಾರದು. ಈಗ ಗೋಡೆಯಂತೆ ಎದ್ದು ನಿಂತಿದೆ. ನಡೆಯುವವರೇ ಹೆಚ್ಚು. ಒಬ್ಬ ರಸ್ತೆಬದಿಯ ಕಲ್ಲಿಗೆ ಕಾಲು ಚಾಚಿ ಕಣ್ಣು ಮುಚ್ಚಿದ್ದಾನೆ. ವಯಸ್ಸಾದ ಹೆಂಗಸೊಬ್ಬರು, ರೇಷ್ಮೆ ಸೀರೆ ಉಟ್ಟವರು, ನೆಲದ ಮೇಲೆ ಕೂತು ಅವನ ಮೀನಖಂಡಕ್ಕೆ ಐಸ್ ತಿಕ್ಕುತ್ತಿದ್ದಾರೆ. ಈ ರಸ್ತೆಯ ಮನೆಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಬೇರೆ ದಿನ ಇಲ್ಲಿನ ಗೇಟಿನೆದುರು ನಿಲ್ಲಲೂ ವಾಚ್‌ಮನ್ ಬಿಡಲಾರ. ಇಂದು ಗೇಟುಗಳೆಲ್ಲ ಹಾರು ಹೊಡೆದಿವೆ. ಇಡೀ ಬೆಳಿಗ್ಗೆ ತಮ್ಮ ಕಾರು ಹೊರತೆಗೆಯಲಾಗದ ಜನ ಕಿತ್ತಳೆ ಸುಲಿದು, ತೊಳೆಗೆ ಉಪ್ಪು ಹಚ್ಚಿ, ಯಾರ ಮಗನೋ ಯಾರ ತಾಯಿಯೋ ಎಂದು ನೋಡದೆ ಬಾಯಿಗಿಡುತ್ತಿದ್ದಾರೆ. ಧಾರಾವಿಯ ಹುಡುಗನಿಗೂ ಅದೇ ತೊಳೆ, ಕಂಪನಿಯ ನಿರ್ದೇಶಕನಿಗೂ ಅದೇ. ಆ ಹುಳಿ, ಆ ಉಪ್ಪು ನಾಲಗೆಗೆ ತಾಗಿದಾಗ ನನಗೆ ಕಣ್ಣು ತುಂಬಿ ಬಂತು.

ಏರಿನ ಮೇಲೆ ಪ್ರಭು ಕುಂಜ್. ಲತಾ ಮಂಗೇಶ್ಕರ್ ಬಾಳಿದ ಮನೆ. ಹಿಂದಿನ ಫೆಬ್ರವರಿಯಲ್ಲಿ ಅವರು ತೀರಿಹೋದರು. ಅವರಿಲ್ಲದ ಮೊದಲ ಓಟ ಇದು. ಯಾರದೋ ಸ್ಪೀಕರಿನಿಂದ ಅವರ ದನಿ ಹೊಮ್ಮುತ್ತಿತ್ತು. ನಡೆಯುತ್ತಿದ್ದ ಕೆಲವರು ತಲೆಯೆತ್ತಿ ಮನೆಯತ್ತ ನೋಡಿ ಮತ್ತೆ ಓಡತೊಡಗಿದರು.

ಇಳಿಜಾರು, ಚೌಪಾಟಿ, ಮತ್ತೆ ಮರೀನ್ ಡ್ರೈವ್. ಎದುರುಗಡೆ ಡ್ರೀಮ್ ರನ್ ಎಂಬ ಕಿರು ಓಟದವರ ಜಾತ್ರೆ ಕರಗುತ್ತಿದೆ: ಗಿಡ ನೆಡಿ ಎನ್ನುವ ಫಲಕ, ಅಂಗಾಂಗ ದಾನದ ಫಲಕ, ಮಕ್ಕಳ ಕ್ಯಾನ್ಸರಿಗೆ ಹಣ ಕೂಡಿಸುವವರ ಹಳದಿ ಅಂಗಿ. ಈ ಓಟದ ನೆಪದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಇಷ್ಟು ವರ್ಷಗಳಲ್ಲಿ ಸೇರಿದ ಹಣ ನೂರಾರು ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಕಂಪನಿಗಳ ಚೆಕ್ಕುಗಳಿವೆ. ಆಫೀಸಿನ ಗೆಳೆಯರ ಹತ್ತಿರ ಐನೂರು, ಸಾವಿರ ಕೇಳಿ ಕೂಡಿಸಿದವರ ದುಡ್ಡೂ ಇದೆ. ನನಗೆ ಎರಡನೆಯದರ ಮೇಲೆ ಗೌರವ ಹೆಚ್ಚು.

ಚರ್ಚ್‌ಗೇಟ್, ಫ್ಲೋರಾ ಫೌಂಟನ್, ಕೊನೆಯ ತಿರುವು, ಗೆರೆ. ಕೊರಳಿಗೆ ಪದಕ ಬಿತ್ತು. ಇಥಿಯೋಪಿಯದ ಹೈಲೆ ಲೆಮಿ 2 ಗಂಟೆ 7 ನಿಮಿಷ 32 ಸೆಕೆಂಡಿನಲ್ಲಿ ಗೆದ್ದು ಇಲ್ಲಿನ ದಾಖಲೆ ಮುರಿದ ಸುದ್ದಿ ಆಗ ತಿಳಿಯಿತು. ಮಹಿಳೆಯರಲ್ಲಿ ಅವರದೇ ದೇಶದ ಅಂಚಲೆಮ್ ಹೇಮನೋತ್, 2:24:15, ಅದೂ ದಾಖಲೆ. ಭಾರತೀಯರಲ್ಲಿ ಕೇರಳದ ಟಿ. ಗೋಪಿ ಮೊದಲಿಗರು. ಬೆಳಗಿನ ಚಳಿ ನಿಜಕ್ಕೂ ವರವಾಗಿತ್ತು.

ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕುಂಟುತ್ತ ಬ್ಯಾರಿಕೇಡಿನ ಹೊರಗಿನಿಂದ ಫ್ಲೋರಾ ಫೌಂಟನ್ ಕಡೆಗೆ ವಾಪಸು ನಡೆದೆ. ನನ್ನಂತೆಯೇ ಪದಕ ಹಾಕಿಕೊಂಡ ಹತ್ತಾರು ಜನ ಆಗಲೇ ಅಲ್ಲಿ ಸಾಲಾಗಿ ನಿಂತಿದ್ದರು. ಬಿಸಿಲು ಸುಡುತ್ತಿತ್ತು, ಇನ್ನೂ ಜನ ಬರುತ್ತಲೇ ಇದ್ದರು. ಆ ಹೆಂಗಸಿನ ಫೋಟೊ ಬೆನ್ನಿಗೆ ಹೊತ್ತವರೂ ಬಂದರು, ಒಂದು ಪಕ್ಕಕ್ಕೆ ವಾಲಿಕೊಂಡು, ತುಟಿ ಒಣಗಿ ಬಿರಿದು. ಬಿಬ್ಬಿನ ಮೇಲಿನ ಹೆಸರನ್ನು ಈಗ ಓದಿಕೊಂಡೆ. ಗಂಟಲು ಹರಿಯುವಂತೆ ಆ ಹೆಸರು ಹಿಡಿದು ಕೂಗಿದೆ, ಪಕ್ಕದವರೆಲ್ಲ ಜೊತೆಗೂಡಿದರು. ‘ಬಸ್, ಏಕ್ ಮೋಡ್ ಬಾಕಿ ಹೈ! ಒಂದೇ ತಿರುವು! ಓಡಿ!’