ಅಜ್ಜಿಯ ಫೋಟೊ, ಹಳೇ ಡಬ್ಬಿ

ತಲಕಾಡಿನ ನಮ್ಮ ಮನೆ ಫೋಟೊಗಳೆಲ್ಲ ರೂಟರ್‌ಗೆ ಸೇರಿಸಿದ ಹಳೇ ಸ್ಟೋರೇಜ್ ಡಬ್ಬಿಯಲ್ಲಿವೆ. 2013ರ ಪಂಚಲಿಂಗ ದರ್ಶನದಲ್ಲಿ ತೆಗೆದ ಅಜ್ಜಿಯ ಕೊನೆಯ ಫೋಟೊಗಳೂ ಅಲ್ಲೇ. ಅಪ್ಪನ ಲ್ಯಾಪ್‌ಟಾಪ್‌ಗೆ ಹೊಸ ಉಬುಂಟು ಹಾಕಿದ ಮೇಲೆ ಆ ಡ್ರೈವ್ ಮೌಂಟ್ ಆಗಲೇ ಇಲ್ಲ. 'ಹೋಸ್ಟ್ ಈಸ್ ಡೌನ್' ಅಂತ ಬರೋದು. ಪಿಂಗ್ ಮಾಡಿದರೆ ಮಾತ್ರ ಡಬ್ಬಿ ಚೆನ್ನಾಗೇ ಉತ್ತರ ಕೊಡೋದು!

"ಅಮ್ಮನ ಫೋಟೊ ಹೋಯ್ತೇನೋ?" ಅಂದ್ರು ಅಪ್ಪ.

ಹೋಗಿರಲಿಲ್ಲ. ಡಬ್ಬಿಗೆ ಬರ್ತಿದ್ದದ್ದು ಹಳೇ ಎಸ್‌ಎಂಬಿ 1 ಭಾಷೆ ಮಾತ್ರ. 2017ರ 4.13 ಕರ್ನಲ್‌ನಿಂದೀಚೆಗೆ ಲಿನಕ್ಸ್, ಸುರಕ್ಷತೆಗಾಗಿ, ತಾನಾಗಿ ಆ ಭಾಷೆ ಆಡುವುದಿಲ್ಲ. ಮೌಂಟ್ ಕಮಾಂಡ್‌ಗೆ 'ವರ್ಸ್=1.0' ಸೇರಿಸಿದೆ, ಫೋಲ್ಡರ್ ತೆರೆಯಿತು. ಅಪ್ಪ ಸುಮ್ಮನೆ ನೋಡ್ತಾ ಕೂತರು.

ಆದರೆ ಇದು ಖಾಯಂ ದಾರಿಯಲ್ಲ. ಅದೇ ವರ್ಷ ವನ್ನಾಕ್ರೈ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ದೋಷದಿಂದಲೇ. ಫೋಟೊಗಳನ್ನು ಬೇರೆ ಎರಡು ಕಡೆ ನಕಲು ಮಾಡಿ ಡಬ್ಬಿಗೆ ವಿಶ್ರಾಂತಿ ಕೊಟ್ಟೆ. ನಿಮ್ಮ ಮನೇಲೂ ಇಂಥದ್ದಿದ್ದರೆ, ತೆರೆಯುತ್ತಿರುವಾಗಲೇ ನಕಲು ಮಾಡಿಟ್ಟುಕೊಳ್ಳಿ.