ಮೊಬೈಲ್ ವರವೋ ಶಾಪವೋ, ಇನ್ನೂ ಅದೇನಾ?

ಬಸವೇಶ್ವರನಗರದ ಪುಸ್ತಕದಂಗಡೀಲಿ ನಿಂತಿದ್ದೀನಿ. ಪಿಯು ಓದೋ ಅಕ್ಕನ ಮಗಳಿಗೆ ಚರ್ಚಾಸ್ಪರ್ಧೆಗೆ ಪುಸ್ತಕ ಬೇಕಂತೆ. ಸಿಇಟಿ, ನೀಟ್ ಗೈಡುಗಳ ಗುಡ್ಡದ ಹಿಂದೆ ಸಿಕ್ಕಿದ್ದು ಮೊಬೈಲ್ ವರವೋ ಶಾಪವೋ ಅನ್ನೋ ಅದೇ ಹಳೇ ಪ್ರಬಂಧಮಾಲೆ! ಮಕ್ಕಳು ನಿಜಕ್ಕೂ ವಾದ ಮಾಡೋ ವಿಷಯಗಳಿಗೆ ಪುಸ್ತಕ ಎಲ್ಲಿ?

ಹಿಜಾಬನ್ನೇ ತಗೊಳ್ಳಿ. ಆ ವಿವಾದ ಶುರುವಾಗಿದ್ದೇ ಉಡುಪಿಯ ಪಿಯು ಹುಡುಗಿಯರಿಂದ. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ತರಗತಿಯಲ್ಲಿ ಹಿಜಾಬ್ ತಡೆದ ಸರ್ಕಾರದ ಆದೇಶ ಎತ್ತಿಹಿಡೀತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅದು ಸರಿ ಅಂದ್ರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಸರಿಯಲ್ಲ ಅಂದ್ರು. ಪರ, ವಿರೋಧ ಎರಡನ್ನೂ ಜಡ್ಜುಗಳೇ ಬರೆದಿಟ್ಟಿದ್ದಾರೆ. ಸರಳ ಕನ್ನಡದಲ್ಲಿ ಎದುರುಬದುರು ಪುಟಗಳಲ್ಲಿ ಅಚ್ಚು ಹಾಕಿದ್ರೆ ಸಾಕಲ್ವಾ?

ಗಲಾಟೆ ಆಗುತ್ತೆ ಅಂತೀರಾ? ವಾಟ್ಸಾಪ್‌ನಲ್ಲಿ ಅರ್ಧಂಬರ್ಧ ಓದ್ಕೊಂಡು ಮಕ್ಕಳು ಆಗ್ಲೇ ಕಿತ್ತಾಡ್ತಿದ್ದಾರೆ ಸ್ವಾಮಿ. ಕನ್ನಡದಲ್ಲಿ ಅಂಥ ಪುಸ್ತಕ ಇದ್ರೆ ಹೆಸರು ಹೇಳಿ, ಅಂಗಡಿಯವ್ರು ಕಾಯ್ತಿದ್ದಾರೆ.