ಅಮ್ಮಿಗೆ ಓದಿ ಹೇಳಿದ ಕಾದಂಬರಿಗಳು

ಒಳ್ಳೆಯ ಕಾದಂಬರಿ ಓದುವ ಸುಖ ಎಂದಾಗ ನಮಗೆ ಮೊದಲು ನೆನಪಾಗುವುದು ಮನೆಯ ಅಡುಗೆಕೋಣೆ. ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಕಲಿತವರು. ಅಮ್ಮಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. ಮಿರ್ಜಾ ಹಾದಿ ರುಸ್ವಾ ಅವರ 'ಉಮ್ರಾವ್ ಜಾನ್ ಅದಾ' 1899ರಲ್ಲಿ ಪ್ರಕಟವಾದ ಕಾದಂಬರಿ. ಫೈಜಾಬಾದಿನಿಂದ ಕದ್ದೊಯ್ದು ಲಖನೌದ ಕೋಠಾಕ್ಕೆ ಮಾರಿದ ಹುಡುಗಿಯ ಕತೆ. ಅಮ್ಮಿ ಅದನ್ನು ಎಷ್ಟು ಸಲ ಓದಿದ್ದಳೋ! ಅಬ್ಬಾ ಬರುವ ಸದ್ದಾದರೆ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಸೇರುತ್ತಿತ್ತು. ಅಬ್ಬಾನಿಗೆ ಆ ಜಾಗ ಗೊತ್ತಿತ್ತು ಎಂಬುದು ಬೇರೆ ಮಾತು.

ಗ್ರಂಥಾಲಯದಿಂದ ಕನ್ನಡ ಕಾದಂಬರಿ ತಂದರೆ ನಾವು ಮಕ್ಕಳು ಸರದಿಯಲ್ಲಿ ಓದಿ, ಅಲ್ಲಲ್ಲೇ ದಖನಿ ಮಾತಿಗೆ ತಿರುಗಿಸಿ ಅಮ್ಮಿಗೆ ಹೇಳಬೇಕಿತ್ತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮುಗಿಯಲು ಇಡೀ ಮಳೆಗಾಲ ಹಿಡಿಯಿತು. ಕಂಬಳಿಕೊಪ್ಪೆಗೆ ನಮ್ಮ ಮಾತಿನಲ್ಲಿ ಶಬ್ದವೇ ಸಿಗದೆ ಗೋಣಿಚೀಲವನ್ನು ತಲೆಗೆ ಹಾಕಿಕೊಂಡು ತೋರಿಸಿದೆವು. ಗುತ್ತಿಯ ನಾಯಿ ಹುಲಿಯ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋದಾಗ ನಾಯಿಯನ್ನು ಎಂದೂ ಹೊಸಿಲು ದಾಟಲು ಬಿಡದ ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ತಂದೆವು. ಅಮ್ಮಿಯ ತಂಗಿ, ನಮ್ಮ ಖಾಲಾ, ತಲಾಖ್ ಆಗಿ ನಮ್ಮ ಮನೆ ಸೇರಿದ ವರ್ಷ ಅದು. ಬಾಗಿಲ ಮರೆಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೇಳುತ್ತಿದ್ದಳು. ಅಪ್ಪನ ಹಟಕ್ಕೆ ಸಿಕ್ಕಿ ಗಂಡನಿಂದ ದೂರವಾದ ನಾದಿರಾ, ಅದೇ ಗಂಡನನ್ನು ಮತ್ತೆ ಸೇರಲು ಇನ್ನೊಬ್ಬನ ನಿಕಾಹಿಗೆ ಒಳಗಾಗಬೇಕು ಎಂಬಲ್ಲಿಗೆ ಬರುವಾಗಲೇ ಖಾಲಾಳ ಕೈ ನಿಧಾನವಾಗಿತ್ತು. ಮುಂದಿನ ಪುಟಗಳ ಮೇಲೆ ನಾವು ಮೊದಲೇ ಕಣ್ಣಾಡಿಸಿದ್ದೆವು. ಮಸೀದಿಯ ಕೊಳದ ಮಾತು ಖಾಲಾಳ ಮುಂದೆ ಹೇಳುವ ಧೈರ್ಯ ಬರಲಿಲ್ಲ. ನಾದಿರಾ ಗಂಡನ ಮನೆ ಸೇರಿದಳು, ಮಗು ಓಡಿಬಂದು ತಬ್ಬಿಕೊಂಡಿತು ಎಂದು ಮುಗಿಸಿದೆವು.

"ಸುಳ್ಳು" ಎಂದಳು ಖಾಲಾ. "ಇಷ್ಟು ಹೊತ್ತು ಕಿತಾಬು ಮಾತಾಡ್ತಿತ್ತು. ಈಗ ನೀವು ಮಾತಾಡ್ತಿದ್ದೀರಿ. ಇದ್ದದ್ದು ಓದಿ."

ಓದಿದೆವು. ಇಂಥದ್ದನ್ನು ಸುಖ ಎನ್ನಬಹುದೇ ಎಂದು ಯಾರಾದರೂ ಕೇಳಬಹುದು. ನಾವಂತೂ ಎನ್ನುತ್ತೇವೆ. ಆರು ತಿಂಗಳಿಂದ ಮನೆಯಲ್ಲಿ ಯಾರೂ ಎತ್ತದಿದ್ದ ಮಾತನ್ನು ಆ ರಾತ್ರಿ ಅಕ್ಕತಂಗಿಯರಿಬ್ಬರೂ ದೀಪ ಆರಿಸಿದ ಮೇಲೂ ಆಡುತ್ತಲೇ ಇದ್ದರು.

ಬೆಳಿಗ್ಗೆ ಶಾಲೆಗೆ ಹೊರಟಾಗ ಖಾಲಾ ಬೀಡಿಎಲೆ ಕತ್ತರಿಸುತ್ತ, ತಲೆ ಎತ್ತದೆಯೇ ಕೇಳಿದಳು: "ಆ ಹೆಂಗಸು ಬೇರೆ ಏನಾದರೂ ಬರೆದಿದ್ದಾಳೇನು? ಇದ್ದರೆ ತನ್ನಿ."